ಆಕ್ಸೆಂಟ್ ಸ್ಟೀರಿಂಗ್: ಬೆಳಿಗ್ಗೆ ಎತ್ತಿನಗಾಡಿ, ಮಧ್ಯಾಹ್ನ ಸ್ಕೂಟಿ

ನನ್ನ ಆಕ್ಸೆಂಟ್ ಕಾರಿನ ಸ್ಟೀರಿಂಗ್ ಹೊತ್ತಿಗೊಂದು ಥರ ಆಡುತ್ತಿತ್ತು, ಕೊನೆಗೂ ಕಳ್ಳ ಸಿಕ್ಕಿಬಿದ್ದ. ಪಂಪ್ ಅಲ್ಲ, ರ‍್ಯಾಕ್ ಅಲ್ಲ, ಬೆಲ್ಟ್ ಅಂತೂ ಅಲ್ಲವೇ ಅಲ್ಲ. ಇಂಚುದ್ದದ ಒಂದು ಹಿತ್ತಾಳೆ ಜೆಟ್, ಅಂದರೆ ಎಣ್ಣೆ ಹಾಯಲು ತೂತಿರುವ ತುಂಡು. ಅದರ ತೂತಿನ ಅಳತೆ ಸರಿಯಾಗೇ ಇತ್ತು, ಉದ್ದ ಜಾಸ್ತಿಯಾಗಿತ್ತು. ಇಷ್ಟು ಗೊತ್ತಾಗುವುದರೊಳಗೆ ಒಂದು ಬೇಸಿಗೆ ಪೂರ್ತಿ ಕಳೆದುಹೋಯಿತು. ಬಳ್ಳಾರಿಯಲ್ಲಿ ಬೇಸಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ಹೇಳೋದು ಕಷ್ಟ, ಆ ಮಾತು ಬೇರೆ.

ಗಾಡಿ 2004ರ ಆಕ್ಸೆಂಟ್, ಪೆಟ್ರೋಲ್, ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಅಂದರೆ ಪಂಪ್ ತಳ್ಳುವ ಎಣ್ಣೆಯ ಬಲವೇ ಕೈಗೆ ಸಹಾಯ, ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳೇ ರ‍್ಯಾಕ್. ಊರೊಳಗೆ ಒಂದು ಬೆರಳಲ್ಲಿ ತಿರುಗುತ್ತೆ. ಮೋತಿ ಸರ್ಕಲ್ ಗದ್ದಲದಲ್ಲಿ ಅದು ವರವೇ. ಆದರೆ ಎನ್‌ಎಚ್ 67ರಲ್ಲಿ ಹೊಸಪೇಟೆ ಕಡೆ ಹೊರಟು, ಕುಡಿತಿನಿ ದಾಟಿ ಸ್ವಲ್ಪ ಕಾಲು ಒತ್ತಿದರೆ ಸ್ಟೀರಿಂಗ್‌ನಲ್ಲಿ ಜೀವವೇ ಇರಲ್ಲ. ಪಕ್ಕದಲ್ಲಿ ಅದಿರು ಲಾರಿ ದಾಟಿದಾಗ ಗಾಳಿ ಹೊಡೆದು ಗಾಡಿ ಆಚೀಚೆ ಆಗುತ್ತೆ, ಕೈಗೆ ಮಾತ್ರ ಏನೂ ತಿಳಿಯಲ್ಲ. ನನಗೆ ಬೇಕಿದ್ದದ್ದು ಸ್ವಲ್ಪ ತೂಕ. ಟೈರು ಏನು ಮಾಡ್ತಿದೆ ಅಂತ ಕೈಗೆ ಸುದ್ದಿ ಬರಬೇಕು, ಅಷ್ಟೆ.

ನಮ್ಮ ಕೌಲ್ ಬಜಾರ್ ಕಡೆಯ ಮೇಸ್ತ್ರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಸಾರ್, ಎಲ್ರೂ ಸ್ಟೀರಿಂಗ್ ಭಾರ ಐತಿ, ಹಗುರ ಮಾಡ್ಕೊಡು ಅಂತ ಬರ್ತಾರ. ನೀವೊಬ್ರೇ ನೋಡ್ರಿ ಹಗುರ ಐತಿ, ಭಾರ ಮಾಡು ಅನ್ನೋರು." ಅವನ ಸಲಹೆ ಬೆಲ್ಟ್ ಸಡಿಲ ಮಾಡೋದು. ಬೆಲ್ಟ್ ಸಡಿಲಾದರೆ ಸ್ಟೀರಿಂಗ್ ಭಾರ ಆಗಲ್ಲ, ಬೆಲ್ಟ್ ಜಾರಿ ಕಿರುಚುತ್ತೆ. ಇನ್ನೊಬ್ಬರ ಸಲಹೆ ರ‍್ಯಾಕಿನ ಅಡ್ಜಸ್ಟರ್ ಬಿಗಿ ಮಾಡೋದು. ಅದಂತೂ ಬೇಡವೇ ಬೇಡ. ಅದರಿಂದ ಸಿಗೋದು ತೂಕ ಅಲ್ಲ, ತಿಕ್ಕಾಟ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗೇ ಮಧ್ಯಕ್ಕೆ ಬರೋದನ್ನೂ ಮರೆತುಬಿಡುತ್ತೆ. ಮೂರನೆಯ ಪಂಥದವರು ಒತ್ತಡ ಮಿತಿ ಮೀರಿದಾಗ ಎಣ್ಣೆ ಬಿಟ್ಟುಕೊಡುವ ಪ್ರೆಶರ್ ರಿಲೀಫ್ ವಾಲ್ವ್ ಕಡಿಮೆ ಮಾಡಿ ಅಂತಾರೆ. ರಿಲೀಫ್ ವಾಲ್ವ್ ಕೆಲಸಕ್ಕೆ ಬರೋದು ಪಾರ್ಕಿಂಗ್‌ನಲ್ಲಿ, ಅದೂ ಕೊನೆಯವರೆಗೆ ತಿರುಗಿಸಿ ಹಿಡಿದಾಗ. ಹೈವೇಯಲ್ಲಿ ನೇರ ಹೋಗುವಾಗ ಅಷ್ಟು ಒತ್ತಡವೇ ಇರಲ್ಲವಲ್ಲ, ಅದನ್ನು ತಿರುವಿ ಏನು ಬಂತು?

ಮುಟ್ಟಬೇಕಾದ್ದು ಒತ್ತಡವನ್ನಲ್ಲ, ಹರಿವನ್ನು. ಪಂಪಿನಿಂದ ಎಣ್ಣೆ ಹೊರಬೀಳುವ ಕನೆಕ್ಟರ್ ಒಳಗೆ ಒಂದು ಚಿಕ್ಕ ತೂತು, ಅದರ ಹಿಂದೆ ಹರಿವನ್ನು ಹತೋಟಿಯಲ್ಲಿಡುವ, ಹಿಂದೆ ಮುಂದೆ ಜಾರುವ ಒಂದು ಪುಟ್ಟ ತುಂಡು (ಫ್ಲೋ ಕಂಟ್ರೋಲ್ ಸ್ಪೂಲ್) ಮತ್ತು ಸ್ಪ್ರಿಂಗ್. ತೂತಿನ ಆಚೆ ಈಚೆ ಒತ್ತಡದ ವ್ಯತ್ಯಾಸ ಒಂದು ಮಟ್ಟ ಮೀರಿದ ತಕ್ಷಣ ಸ್ಪೂಲ್ ಸರಿದು, ಮಿಕ್ಕ ಎಣ್ಣೆಯನ್ನು ಪಂಪಿನ ಬಾಯಿಗೇ ವಾಪಸ್ ಕಳಿಸುತ್ತೆ. ತೂತು ಚಿಕ್ಕದಾದರೆ ರ‍್ಯಾಕಿಗೆ ಹೋಗುವ ಎಣ್ಣೆ ಕಡಿಮೆ. ಆಗ ಅಷ್ಟೇ ಸಹಾಯ ಸಿಗಬೇಕಾದರೆ ರ‍್ಯಾಕಿನ ವಾಲ್ವ್ ಇನ್ನೂ ಸ್ವಲ್ಪ ತಿರುಗಬೇಕು, ಅಂದರೆ ವಾಲ್ವಿನ ಒಳಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಶನ್ ಬಾರ್ ಅನ್ನುವ ಸರಳನ್ನು ಕೈ ಇನ್ನೂ ಸ್ವಲ್ಪ ತಿರುಚಬೇಕು. ಕೈಗೆ ಸಿಗುವ ತೂಕ ಅಲ್ಲಿಂದ ಬರುತ್ತೆ.

ಹಾಗಂತ ಮನಸ್ಸಿಗೆ ಬಂದಷ್ಟು ಚಿಕ್ಕದು ಮಾಡುವ ಹಾಗಿಲ್ಲ. ಎದುರಿಗೆ ಎಮ್ಮೆ ಬಂತು ಅಂತ ಸ್ಟೀರಿಂಗ್ ಸರ್ರನೆ ಎಳೆದಾಗ ಸಿಲಿಂಡರ್ ತುಂಬುವಷ್ಟು ಎಣ್ಣೆ ಬರದಿದ್ದರೆ ಅರ್ಧ ದಾರಿಯಲ್ಲಿ ಸ್ಟೀರಿಂಗ್ ಕಲ್ಲಾಗಿ ನಿಲ್ಲುತ್ತೆ. ಗುಜರಿಯಿಂದ ತಂದ ಹಳೆ ರ‍್ಯಾಕ್ ಬಿಚ್ಚಿ ಅಳೆದೆ. ಪಿಸ್ಟನ್‌ನ ಕೆಲಸದ ವಿಸ್ತೀರ್ಣ ಸುಮಾರು 8 ಚದರ ಸೆಂಮೀ. ಒಂದು ಸುತ್ತಿಗೆ ರ‍್ಯಾಕ್ ಸರಿಯೋದು 45 ಮಿಮೀ ಹತ್ತಿರ. ಗಾಬರಿಯಲ್ಲಿ ಸೆಕೆಂಡಿಗೆ ಒಂದೂವರೆ ಸುತ್ತು ಎಳೆದರೆ ನಿಮಿಷಕ್ಕೆ 3.2 ಲೀಟರ್ ಸಿಲಿಂಡರಿಗೇ ಬೇಕು. ವಾಲ್ವಿನಲ್ಲಿ ಸೋರೋದು ಬೇರೆ. ನಾಲ್ಕೂವರೆ ಲೀಟರಿಗಿಂತ ಕೆಳಗೆ ಇಳಿಯೋದು ಬೇಡ ಅಂತ ಗೆರೆ ಎಳೆದೆ.

ಕಂಪನಿ ತೂತು 4 ಮಿಮೀ. ರಿಟರ್ನ್ ಪೈಪನ್ನು ಅಳತೆ ಜಗ್ಗಿಗೆ ಬಿಟ್ಟು, ಐಡಲ್‌ನಲ್ಲಿ 10 ಸೆಕೆಂಡ್ ಹಿಡಿದರೆ 1.1 ಲೀಟರ್, ನಿಮಿಷಕ್ಕೆ 6.6. ಹರಿವು ತೂತಿನ ವಿಸ್ತೀರ್ಣದಂತೆ ನಡೆಯುತ್ತೆ, ಅಂದರೆ ವ್ಯಾಸದ ವರ್ಗ. 3.4 ಮಿಮೀ ಮಾಡಿದರೆ 72 ಪರ್ಸೆಂಟ್, ನಿಮಿಷಕ್ಕೆ 4.8ರ ಹತ್ತಿರ. ಸರಿ ಹೋಯ್ತಲ್ಲ! ಈ ಜಗ್ಗಿನ ಪ್ರಯೋಗ ಮಾಡುವವರು ಒಬ್ಬರನ್ನು ರಿಸರ್ವಾಯರ್ ಹತ್ತಿರ ಎಣ್ಣೆ ಸುರಿಯಲು ನಿಲ್ಲಿಸಿಕೊಳ್ಳಿ, ಪಂಪ್ ಒಣಗಿದರೆ ಅದರೊಳಗೆ ಎಣ್ಣೆ ತಳ್ಳುವ ರೆಕ್ಕೆಗಳಾದ ವೇನ್‌ಗಳು ಗೀಚಿ ಹಾಳಾಗುತ್ತವೆ. ನಮ್ಮಲ್ಲಿ ಮಗ ಸುರಿದ. ಅಂಗಳದ ಕಡಪ ಕಲ್ಲಿನ ಮೇಲೆ ಬಿದ್ದ ಎಣ್ಣೆಯ ವಿಚಾರಣೆ ಮನೆಯಲ್ಲಿ ಇನ್ನೂ ನಡೀತಿದೆ.

ಕಂಪನಿ ಕನೆಕ್ಟರ್ ಕೆಡಿಸುವ ಧೈರ್ಯ ಇರಲಿಲ್ಲ, ಇನ್ನೊಂದು ಬೇಕಾಯಿತು. ಬೆಂಗಳೂರಿನ ಜೆ.ಸಿ. ರೋಡಿನ ಒಂದು ಅಂಗಡಿಗೆ ಫೋನ್ ಮಾಡಿದೆ. "ಆಕ್ಸೆಂಟಾ? ಈಗ ಅದನ್ನ ಯಾರ್ ಕೇಳ್ತಾರೆ ಸಾರ್?" ನಾನು ಕೇಳ್ತಿದೀನಲ್ಲಪ್ಪಾ! ದುಡ್ಡು ಹಾಕಿದ ಮೇಲೆ ಬಂದ ಡಬ್ಬಿಯಲ್ಲಿ ಯಾವುದೋ ಬೇರೆ ಗಾಡಿಯ ಕನೆಕ್ಟರ್, ಜೊತೆಗೆ ಎಲ್ಲಾ ಗಾಡಿಗೂ ಆಗುತ್ತೆ ಅನ್ನುವ ಓ-ರಿಂಗ್ ಪ್ಯಾಕೆಟ್. ಎಲ್ಲಾ ಗಾಡಿಗೂ ಆಗುವ ಓ-ರಿಂಗ್ ಅಂದರೆ ಯಾವ ಗಾಡಿಗೂ ಆಗದ ಓ-ರಿಂಗ್. ವಾಪಸ್ ಕಳಿಸಲು ಕೊರಿಯರ್ ಖರ್ಚು ನನ್ನದೇ ಅಂತೆ. ಕೊನೆಗೆ ಆಂಧ್ರ ರಿಜಿಸ್ಟ್ರೇಶನ್‌ನ ಒಂದು ಗುಜರಿ ಆಕ್ಸೆಂಟಿನಿಂದ ಇಡೀ ಪಂಪನ್ನೇ ಎತ್ತಿಕೊಂಡು ಬಂದೆ, ಅದೇ ಅಗ್ಗವಾಯಿತು.

ಆ ಕನೆಕ್ಟರ್ ಒಳಗೆ ಕೂರುವ ಜೆಟ್ಟನ್ನು ಲೇತ್ ಅಣ್ಣನಿಗೆ ಹೇಳಿದೆ. ಅವನು 25 ಮಿಮೀ ಉದ್ದದ ಹಿತ್ತಾಳೆ ತುಂಡಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ 3.4ರ ತೂತು ಹೊಡೆದು, ಪಳಪಳ ಹೊಳೆಯುವಂತೆ ಪಾಲಿಶ್ ಮಾಡಿ ಕೊಟ್ಟ. "ಗಟ್ಟಿ ಇರ್ಲಿ ಅಂತ ಉದ್ದ ಇಟ್ಟೀನಿ ಅಣ್ಣಾ." ನೋಡಲು ಎಷ್ಟು ಚೆಂದ ಅಂದರೆ ಪಂಪಿನೊಳಗೆ ಹಾಕಿ ಮುಚ್ಚಲು ಮನಸ್ಸು ಬರಲಿಲ್ಲ. ಬಿಚ್ಚೋದು, ಜೋಡಿಸೋದು, ಗಾಳಿ ತೆಗೆಯೋದು ನಿಮಗೆಲ್ಲ ಗೊತ್ತಿರೋದೇ, ಬಿಡಿ.

ತೊಂದರೆ ಶುರುವಾಗಿದ್ದು ಆಮೇಲೆ. ಬೆಳಿಗ್ಗೆ ಗೇಟ್ ದಾಟುವಾಗ ಸ್ಟೀರಿಂಗ್ ಮಣಭಾರ. ಜೋರಾಗಿ ತಿರುಗಿಸಿದರೆ ನಾನು ಹೆದರಿದ್ದ ಹಾಗೇ ಅರ್ಧಕ್ಕೆ ಹಿಡಿದು, ಜರ್ರ್ ಅಂತ ನಡುಗಿ, ಮತ್ತೆ ಬಿಡುತ್ತಿತ್ತು. ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಭಲೇ ಅನ್ನುವಂಥ ತೂಕ. ಮಧ್ಯಾಹ್ನ ಎರಡು ಗಂಟೆಗೆ ಸಂಡೂರಿನಿಂದ ವಾಪಸ್ ಬರುವಾಗ ಮತ್ತೆ ಹಳೇ ಜೊಳ್ಳು ಸ್ಟೀರಿಂಗ್. ಒಂದೇ ಗಾಡಿ, ದಿನಕ್ಕೆ ಮೂರು ಅವತಾರ.

ಮೊದಲು ಗಾಳಿ ಸೇರಿದೆ ಅಂದುಕೊಂಡೆ, ಎಣ್ಣೆಯಲ್ಲಿ ನೊರೆ ಇರಲಿಲ್ಲ. ಸ್ಪೂಲ್ ಸಿಕ್ಕಿಕೊಳ್ತಿದೆಯೇ ಅಂತ ತೆಗೆದು ನೋಡಿದೆ, ಬೆರಳ ಮೇಲೆ ಓರೆ ಹಿಡಿದರೆ ತಾನಾಗೇ ಜಾರುತ್ತಿತ್ತು. ಸ್ಟೀರಿಂಗ್ ಕಂಬದ ಕೀಲು, ಅಂದರೆ ಕಾಲಂನ ಯುನಿವರ್ಸಲ್ ಜಾಯಿಂಟ್ ಮೇಲೆ ಅನುಮಾನ ಬಲವಾಗಿತ್ತು. ಈ ಅದಿರು ಧೂಳು ಎಲ್ಲೆಲ್ಲೋ ನುಗ್ಗುತ್ತೆ, ಕೆಂಪು ಪೇಸ್ಟ್ ಆಗಿ ಕೂರುತ್ತೆ. ಆದರೆ ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಅಂಚಿಗೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಹಾಕಿ ಎಳೆದರೆ ಬೆಳಿಗ್ಗೆಯೂ ಅಷ್ಟೇ, ಮಧ್ಯಾಹ್ನವೂ ಅಷ್ಟೇ. ಹಾಗಾದರೆ ತಿಕ್ಕಾಟ ಅಲ್ಲ. ಚಕ್ರ ನೆಲಕ್ಕಿಳಿಸಿ, ಎಂಜಿನ್ ಆನ್ ಮಾಡಿ, ಅದೇ ಕಡಪ ಕಲ್ಲಿನ ಮೇಲೆ ಎಳೆದಾಗ ಬೆಳಿಗ್ಗೆ 4.6 ಕಿಲೋ, ಬಿಸಿಯಾದ ಮೇಲೆ 3.2. ಕಂಪನಿ ಕನೆಕ್ಟರ್ ವಾಪಸ್ ಹಾಕಿದರೆ ಎರಡು ಹೊತ್ತೂ 2.8ರ ಆಸುಪಾಸು. ಎಣ್ಣೆ ಅದೇ, ಪಂಪ್ ಅದೇ. ಉಳಿದದ್ದು ಜೆಟ್ ಒಂದೇ.

ಜಗ್ಗು ಮತ್ತೆ ಹೊರಗೆ ಬಂತು. ರಿಸರ್ವಾಯರ್‌ನಲ್ಲಿ ಎಣ್ಣೆ 27 ಡಿಗ್ರಿ ಇದ್ದಾಗ 10 ಸೆಕೆಂಡಿಗೆ 0.6 ಲೀಟರ್. 78 ಡಿಗ್ರಿಗೆ 0.85. ನಿಮಿಷದ ಲೆಕ್ಕದಲ್ಲಿ 3.6 ಮತ್ತು 5.1. ಬೆಳಗಿನ ಎಮ್ಮೆಗೆ ಎಣ್ಣೆ ಸಾಲುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು, ಯಾಕೆ ಅಂತ ಗೊತ್ತಾಗಲಿಲ್ಲ. ತೂತು ಬಿಸಿಗೆ ಹಿಗ್ಗುತ್ತಾ? ಹಿತ್ತಾಳೆ ಐವತ್ತು ಡಿಗ್ರಿಗೆ ಹಿಗ್ಗೋದು ಸಾವಿರಕ್ಕೆ ಒಂದು ಪಾಲು. ಅದಲ್ಲ.

ಉತ್ತರ ಸಿಕ್ಕಿದ್ದು ಅಕ್ಕನ ಮನೆ ಊಟದಲ್ಲಿ. ಭಾವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಹೈಡ್ರಾಲಿಕ್ಸ್ ಮೆಂಟೆನೆನ್ಸ್ ನೋಡಿಕೊಳ್ಳುವವರು. ಜೇಬಿನಲ್ಲಿದ್ದ ಜೆಟ್ ತೋರಿಸಿದೆ. ಅವರು ಎಡಗೈಯಲ್ಲಿ ಅದನ್ನು ಹಿಡಿದು ಒಂದು ಕಣ್ಣು ಮುಚ್ಚಿ ಟ್ಯೂಬ್‌ಲೈಟ್ ಕಡೆ ನೋಡಿದರು. "ಇದು ಆರಿಫೈಸ್ ಅಲ್ಲಲೋ, ಇದು ಪೈಪು. ಪೈಪಿನಾಗ ಎಣ್ಣಿ ಗೋಡಿಗೆ ಉಜ್ಜಿಕೊಂಡು ಹೋಗ್ತೈತಿ. ತಣ್ಣಗ ದಪ್ಪ ಇದ್ದಾಗ ಒಂದು ಲೆಕ್ಕ, ಬಿಸಿಯಾಗಿ ತೆಳ್ಳಗಾದಾಗ ಇನ್ನೊಂದು ಲೆಕ್ಕ. ತೆಳು ತಗಡಿಗೆ ಚೂಪು ಅಂಚಿನ ತೂತು ಹೊಡಿ, ಬಿಸಿ-ತಂಪು ಅದಕ್ಕ ಗೊತ್ತೇ ಆಗಂಗಿಲ್ಲ." ಹೇಳಿ ಮುಗಿಸಿ ಶೇಂಗಾ ಚಟ್ನಿ ಇತ್ತ ಕಡೆ ತಳ್ಳು ಅಂದರು.

ಆಮೇಲೆ ಕೂತು ಲೆಕ್ಕ ಹಾಕಿದೆ, ಮಾತು ಸರಿ. ಕೊಳವೆಯಲ್ಲಿ ಎಣ್ಣೆ ಪದರ ಪದರವಾಗಿ ಹರಿಯುವಾಗ ತಡೆ ನೇರವಾಗಿ ಅದರ ಸ್ನಿಗ್ಧತೆಯ ಮೇಲೆ ನಿಂತಿರುತ್ತೆ, ಉದ್ದ ಹೆಚ್ಚಿದಷ್ಟೂ ತಡೆ ಹೆಚ್ಚು. ಚೂಪು ಅಂಚಿನ ತೂತಿನಲ್ಲಿ ನಷ್ಟವೆಲ್ಲ ವೇಗದಿಂದ ಆಗೋದು, ಸ್ನಿಗ್ಧತೆಯ ಪಾಲು ತೀರಾ ಕಡಿಮೆ. ತಣ್ಣನೆ ಎಣ್ಣೆಗೆ ನನ್ನ ಉದ್ದ ಜೆಟ್ ಇನ್ನೂ ಚಿಕ್ಕ ತೂತಿನ ಹಾಗೆ ಕಂಡು, ಸ್ಪೂಲ್ ಬೇಗ ಬಾಯಿ ತೆರೆದು, ರ‍್ಯಾಕಿಗೆ ಹೋಗಬೇಕಾದ ಎಣ್ಣೆಯನ್ನೆಲ್ಲ ವಾಪಸ್ ಕಳಿಸುತ್ತಿತ್ತು.

ಇಲ್ಲಿ ಒಂದು ಅಡ್ಡ ಮಾತು. ತೆಳು ಜೆಟ್ ಬೇಕು ಅಂದಾಗ ಮೊದಲು ನೆನಪಾದದ್ದು ಕಾರ್ಬೊರೇಟರ್ ಜೆಟ್‌ಗಳ ಡಬ್ಬಿ. ಅವುಗಳ ತೂತು ಇದಕ್ಕೆ ಏನೇನೂ ಸಾಲದು, ಆದರೆ ಡಬ್ಬಿ ತೆಗೆದ ಮೇಲೆ ಸಿರುಗುಪ್ಪದ ಮಾವನ ಮನೆಯ ಯೆಜ್ಡಿ ರೋಡ್‌ಕಿಂಗ್ ತಲೆಗೆ ಹೊಕ್ಕಿತು. ಭತ್ತದ ಚೀಲಗಳ ಹಿಂದೆ ವರ್ಷಗಟ್ಟಲೆ ನಿಂತಿದೆ. ಆ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು, ಮಾವ ಗಾಡಿ ನಿಲ್ಲಿಸಿದ್ದು ಅದಾದ ಸ್ವಲ್ಪ ದಿನಕ್ಕೆ. ಟ್ಯಾಂಕ್ ತುಕ್ಕು, ಸೀಟ್ ಇಲಿ ಪಾಲು, ಎರಡು ಸೈಲೆನ್ಸರ್ ಮಾತ್ರ ಇನ್ನೂ ಗಟ್ಟಿ. ಮುಂದಿನ ಪ್ರಾಜೆಕ್ಟ್ ಅದೇ. ಮಾವನಿಗೆ ಇನ್ನೂ ಹೇಳಿಲ್ಲ, ಹೆಂಡತಿಗಂತೂ ಹೇಳೋದು ದೂರ.

ಹೊಸ ಜೆಟ್ಟಿಗೆ ಲೇತ್ ಅಣ್ಣನ ಪಕ್ಕದಲ್ಲೇ ನಿಂತೆ. ಒಳಗಡೆ ಅಗಲವಾಗಿ 7 ಮಿಮೀ ಕೊರೆದು, ಎಣ್ಣೆ ಬರುವ ತುದಿಯಲ್ಲಿ ಮಾತ್ರ 1 ಮಿಮೀ ದಪ್ಪದ ಗೋಡೆ ಬಿಟ್ಟು, ಅದರಲ್ಲಿ 3.5ರ ತೂತು. ಉದ್ದ ಅದೇ, ಅವನ ಗಟ್ಟಿಯ ಆಸೆಯೂ ಉಳಿಯಿತು. ಡ್ರಿಲ್ ತೆಗೆದಾಗ ತೂತಿನ ಅಂಚಿಗೆ ಕೂದಲಿನಷ್ಟು ಸಣ್ಣ ಹಿತ್ತಾಳೆ ಸುರುಳಿಯೊಂದು ಅಂಟಿಕೊಂಡಿತ್ತು, ಬೆಳಕಿಗೆ ಹಿಡಿದರಷ್ಟೇ ಕಾಣುವಂಥದ್ದು. ಅದು ಕಿತ್ತು ಹೋಗಿ ರ‍್ಯಾಕಿನ ವಾಲ್ವಿಗೆ ಸಿಕ್ಕಿದ್ದರೆ ಕಥೆ ಮುಗೀತಿತ್ತು. ಅಣ್ಣ ವಾಡಿಕೆಯಂತೆ ಎಮರಿ ಕಾಗದ ಕೈಗೆತ್ತಿಕೊಂಡ. ಕಾಗದ ಬೇಡ, ಅಂಚು ದುಂಡಗಾಗುತ್ತೆ ಅಂದೆ. ಎಣ್ಣೆಕಲ್ಲನ್ನು ಮುಖದ ಮೇಲೆ ಚಪ್ಪಟೆಯಾಗಿ ಎಳೆದು ಸುರುಳಿಯಷ್ಟನ್ನೇ ತೆಗೆದೆವು. "ಪಾಲಿಶ್ ಬ್ಯಾಡ ಅನ್ನೋ ಗಿರಾಕಿ ನೀನೇ ಮೊದಲು" ಅಂದ.

ಜಗ್ಗಿನ ತೀರ್ಪು: ತಣ್ಣಗೆ 0.82 ಲೀಟರ್, ಬಿಸಿಗೆ 0.84. ತಕ್ಕಡಿಯಲ್ಲಿ ಎರಡು ಹೊತ್ತೂ 3.3 ಕಿಲೋ ಹತ್ತಿರ. ಬೆಳಿಗ್ಗೆ ಖಾಲಿ ಮೈದಾನದಲ್ಲಿ ಎಷ್ಟು ಜೋರಾಗಿ ಎಳೆದಾಡಿದರೂ ಹಿಡಿಯಲಿಲ್ಲ. ಸಂಡೂರಿನಿಂದ ಕುಮಾರಸ್ವಾಮಿ ಗುಡಿಗೆ ಹೋಗುವ ಗುಡ್ಡದ ತಿರುವುಗಳಲ್ಲಿ ಗಾಡಿ ಬೇರೆಯದೇ ಆಗಿದೆ. ರಸ್ತೆಯ ಅಂಚಿನ ಜಲ್ಲಿ ಮೇಲೆ ಮುಂದಿನ ಟೈರು ಹತ್ತಿದ್ದು ಕೈಗೆ ಮೊದಲು ಗೊತ್ತಾಗುತ್ತೆ, ಕಿವಿಗೆ ಆಮೇಲೆ. ಹೆಂಡತಿ ಓಡಿಸಿ ನೋಡಿ "ಏನೋ ಕೆಟ್ಟಿದೆ, ತೋರಿಸಿ" ಅಂದಳು. ಅದನ್ನೂ ಸರ್ಟಿಫಿಕೇಟ್ ಅಂತಲೇ ಇಟ್ಟುಕೊಂಡಿದ್ದೇನೆ.

ಸ್ವಿಫ್ಟ್ ಇರುವ ಗೆಳೆಯನೊಬ್ಬ ನನಗೂ ಒಂದು ಜೆಟ್ ಅಂತ ಹಿಂದೆ ಬಿದ್ದಿದ್ದಾನೆ. ಅದರಲ್ಲಿ ಎಣ್ಣೆಯೇ ಇಲ್ಲ ಮಾರಾಯ, ಮೋಟರ್ ಇರೋದು. ಸುಜುಕಿಯವರು 1988ರಲ್ಲೇ ಸರ್ವೋ ಅನ್ನುವ ಪುಟ್ಟ ಕಾರಿನಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ತಂದವರು. ಅಲ್ಲಿ ತೂಕ ಇರೋದು ಸಾಫ್ಟ್‌ವೇರ್‌ನಲ್ಲಿ. ಕೈ ಎಷ್ಟು ಬಲ ಹಾಕ್ತಿದೆ ಅಂತ ಅಳೆಯುವ ಟಾರ್ಕ್ ಸೆನ್ಸರ್‌ನ ವೈರಿಗೆ ಏನಾದರೂ ಸಿಕ್ಕಿಸಿ ಅದನ್ನು ಏಮಾರಿಸೋ ಕೆಲಸಕ್ಕೆ ನಾನಂತೂ ಕೈ ಹಾಕಲ್ಲ.

ಮಾಡುವವರು 3.8ರಿಂದ ಶುರು ಮಾಡಿ, ಪ್ರತಿ ಸಲ ಹೊಸ ಜೆಟ್ ಮಾಡಿಸಿ ಕೆಳಗಿಳಿಯಿರಿ. ಹಿತ್ತಾಳೆ ಅಗ್ಗ. ಪ್ರತಿ ಸಲವೂ ತಣ್ಣನೆ ಎಣ್ಣೆಯಲ್ಲೇ ಜಗ್ಗು ಹಿಡಿಯಿರಿ, ಬಿಸಿಯಲ್ಲಿ ಎಲ್ಲ ಜೆಟ್ಟೂ ಒಳ್ಳೆಯದಾಗಿಯೇ ಕಾಣುತ್ತೆ. ನನ್ನದರಲ್ಲಿ ಉಳಿದಿರೋದು ಒಂದೇ ತಕರಾರು, ಕೊನೆಯವರೆಗೆ ತಿರುಗಿಸಿದಾಗ ಸುಯ್ ಅನ್ನುವ ಸದ್ದು ಮೊದಲಿಗಿಂತ ಜಾಸ್ತಿ. ರಿಟರ್ನ್ ಪೈಪ್ ಸ್ವಲ್ಪ ಉದ್ದ ಮಾಡಿ ನೋಡಬೇಕು ಅಂತಿದ್ದೇನೆ. ಪೈಪ್ ಆರ್ಡರ್ ಮಾಡಿಯಾಗಿದೆ. ಅಂಗಡಿಯವನ ಪ್ರಕಾರ ಅದು ಬೆಂಗಳೂರು ಬಿಟ್ಟು ಬಹಳ ದಿನ ಆಯ್ತಂತೆ. ಬಳ್ಳಾರಿಗೆ ನಡೆದುಕೊಂಡೇ ಬರ್ತಿದ್ದರೂ ಇಷ್ಟೊತ್ತಿಗೆ ಹಿರಿಯೂರು ದಾಟಿರಬೇಕಿತ್ತು.