ತಿಂಗಳಿಗೆ ಹತ್ತು ಹಾಳೆ ಪ್ರಿಂಟ್ ತೆಗೆಯುವ ಮನೆಗೆ ಯಾವ ಪ್ರಿಂಟರ್?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ, ಅಂಗಡಿಗೆ ಹೋಗಿ ಮನೆಗೊಂದು ಪ್ರಿಂಟರ್ ಬೇಕು ಅಂದರೆ ಇಂಕ್ ಟ್ಯಾಂಕ್ (ಬಾಟಲಿಯಿಂದ ಇಂಕು ತುಂಬಿಸುವ ಇಂಕ್‌ಜೆಟ್ ಪ್ರಿಂಟರ್) ತೋರಿಸುವವರೇ ಹೆಚ್ಚು. ಪುಟಕ್ಕೆ ಕೆಲವೇ ಪೈಸೆ ಖರ್ಚು, ಕಲರೂ ಬರುತ್ತದೆ ಅನ್ನುತ್ತಾರೆ. ಲೆಕ್ಕ ಸರಿಯೇ, ಆದರೆ ಅದು ದಿನಾ ಪ್ರಿಂಟ್ ತೆಗೆಯುವವರ ಲೆಕ್ಕ. ಮನೆಯಲ್ಲಿ ಬೇಕಾಗುವುದು ಒಂದು ಪಹಣಿ, ಮಕ್ಕಳ ಹಾಲ್ ಟಿಕೆಟ್, ಬ್ಯಾಂಕಿನ ಫಾರಂ, ಆಧಾರ್ ಜೆರಾಕ್ಸ್. ಉಳಿದ ದಿನವೆಲ್ಲ ಪ್ರಿಂಟರ್ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಅದು ಕೆಲಸ ಮಾಡುವಾಗ ಹೇಗಿರುತ್ತದೆ ಅನ್ನುವುದಕ್ಕಿಂತ ಸುಮ್ಮನೆ ಕೂತಾಗ ಅದಕ್ಕೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡಿ.

ಇಂಕ್‌ಜೆಟ್‌ನಲ್ಲಿ ಇಂಕು ಹೊರಬರುವ ತೂತುಗಳು ತಲೆಗೂದಲಿಗಿಂತ ಸಣ್ಣವು. ಇಂಕಿನಲ್ಲಿ ಬಹುಪಾಲು ನೀರು. ಪ್ರಿಂಟರ್ ಆಫ್ ಮಾಡಿದಾಗ ಈ ತೂತುಗಳಿರುವ ಹೆಡ್ಡು ಒಂದು ತುದಿಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಆದರೆ ಆ ಮುಚ್ಚಳ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಕಡೆಯ ಒಣ ಬಿಸಿಲಿಗೆ ಮೂರು ನಾಲ್ಕು ವಾರ ಬಿಟ್ಟರೆ ಇಂಕು ತೂತಿನಲ್ಲೇ ಗಟ್ಟಿಯಾಗಬಹುದು. ಆಗ ಹೆಡ್ ಕ್ಲೀನಿಂಗ್ ಕೊಡುತ್ತೀರಿ. ಪ್ರತಿ ಕ್ಲೀನಿಂಗ್‌ಗೂ ಇಂಕು ಎಳೆದು ಒಳಗಿರುವ ಸ್ಪಂಜಿಗೆ ಚೆಲ್ಲುತ್ತದೆ. ಸ್ಪಂಜು ತುಂಬಿತು ಅಂತ ಒಳಗಿನ ಎಣಿಕೆ ಹೇಳಿದ ದಿನ ಪ್ರಿಂಟರ್ ನಿಂತುಬಿಡುತ್ತದೆ. ಹಲವು ಕ್ಯಾನನ್ ಪ್ರಿಂಟರ್‌ಗಳಲ್ಲಿ ಬರುವ 5ಬಿ00 ಎರರ್ ಇದೇ. ಹೊಸ ಮಾಡೆಲ್ ಕೆಲವದರಲ್ಲಿ ಸ್ಪಂಜಿನ ಡಬ್ಬಿಯನ್ನು ಮನೆಯಲ್ಲೇ ಬದಲಿಸಬಹುದು. ಇಂಕ್ ಟ್ಯಾಂಕನ್ನೇ ತೆಗೆದುಕೊಳ್ಳುವುದಾದರೆ ಈ ಸೌಲಭ್ಯ ಇದೆಯೇ ಅಂತ ಕೇಳಿಯೇ ತೆಗೆದುಕೊಳ್ಳಿ.

ಲೇಸರ್‌ನಲ್ಲಿ ಒಣಗುವಂಥದ್ದೇನೂ ಇಲ್ಲ. ಟೋನರ್ ಅನ್ನುವುದು ಬಣ್ಣದ ಪ್ಲಾಸ್ಟಿಕ್ ಪುಡಿ. ಡ್ರಮ್ಮು ಅನ್ನುವ ಉರುಳೆ ಆ ಪುಡಿಯನ್ನು ಹಾಳೆಯ ಮೇಲೆ ಕೂರಿಸುತ್ತದೆ, ಸುಮಾರು 200 ಡಿಗ್ರಿ ಕಾದ ಫ್ಯೂಸರ್ ಕರಗಿಸಿ ಅಂಟಿಸುತ್ತದೆ. ಆರು ತಿಂಗಳು ಮುಟ್ಟದೇ ಇಟ್ಟು ಆನ್ ಮಾಡಿದರೂ ಮೊದಲ ಹಾಳೆಯೇ ಚೆನ್ನಾಗಿ ಬರುತ್ತದೆ. ಅಪರೂಪಕ್ಕೆ ಬಳಸುವ ಮನೆಗೆ ಕಪ್ಪು ಬಿಳುಪಿನ ಲೇಸರ್ ಪ್ರಿಂಟರೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಕ್ಕಳ ಪ್ರಾಜೆಕ್ಟ್‌ಗೆ ವರ್ಷಕ್ಕೆ ನಾಲ್ಕು ಕಲರ್ ಹಾಳೆ ಬೇಕಾದರೆ ಅಂಗಡಿಯಲ್ಲಿ ತೆಗೆಸಿ. ಅದಕ್ಕೋಸ್ಕರ ಮನೆಯಲ್ಲಿ ನಾಲ್ಕು ಬಣ್ಣದ ಇಂಕು ಒಣಗಿಸಬೇಡಿ.

ಬೆಲೆ ನೋಡುವಾಗ ಟೋನರನ್ನೂ ಸೇರಿಸಿ ನೋಡಿ. ಉದಾಹರಣೆಗೆ ಬ್ರದರ್ ಕಂಪನಿಯ ಎಚ್‌ಎಲ್-ಎಲ್2321ಡಿ ಲೇಸರ್ ನೋಡಿ: ಅದರ ಟಿಎನ್-2365 ಟೋನರ್ 2600 ಪುಟದ್ದು, ಡ್ರಮ್ಮು ಬೇರೆ, ಸುಮಾರು 12,000 ಪುಟ ಬಾಳುತ್ತದೆ. ತಿಂಗಳಿಗೆ ಹತ್ತು ಹಾಳೆ ಅಂದರೆ ವರ್ಷಕ್ಕೆ 120. ಎಷ್ಟು ವರ್ಷ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಒಂದು ಎಚ್ಚರ: ಈ ಪುಟದ ಲೆಕ್ಕ ಹಾಳೆಯ ಶೇ 5ರಷ್ಟು ಜಾಗದಲ್ಲಿ ಮಾತ್ರ ಅಕ್ಷರ ಇದ್ದಾಗಿನದು. ಮನೆಮಂದಿಯ ಫೋಟೊ, ಕಪ್ಪು ತುಂಬಿದ ಜೆರಾಕ್ಸ್ ತೆಗೆದರೆ ಬೇಗ ಮುಗಿಯುತ್ತದೆ. ಹಲವು ಹೊಸ ಪ್ರಿಂಟರ್‌ಗಳ ಜೊತೆ ಬರುವ ಟೋನರ್ ಪೂರ್ತಿ ತುಂಬಿರುವುದಿಲ್ಲ ಅನ್ನುವುದೂ ನೆನಪಿರಲಿ.

ಎಚ್‌ಪಿ 1020, ಎಂ1005, ಕ್ಯಾನನ್ ಎಲ್‌ಬಿಪಿ 2900 ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತವೆ. ಎಚ್‌ಪಿಗೆ 12ಎ, ಕ್ಯಾನನ್‌ಗೆ 303 ಕಾರ್ಟ್ರಿಜ್. ಎರಡರ ರಚನೆಯೂ ಒಂದೇ, ಟೋನರ್ ಮತ್ತು ಡ್ರಮ್ಮು ಒಂದೇ ಪೆಟ್ಟಿಗೆಯಲ್ಲಿ. ರೀಫಿಲ್ ಮಾಡುವವರು ಸುಲಭವಾಗಿ ಸಿಗುತ್ತಾರೆ. ಆದರೆ ಇವಕ್ಕೆ ವೈಫೈ ಇಲ್ಲ. ಮೊಬೈಲಿನಿಂದಲೇ ಪ್ರಿಂಟ್ ಕೊಡುವ ಮನೆಗೆ ಇವು ಬೇಡ. ಕೊಳ್ಳುವ ಮುಂಚೆ ಒಂದು ಹಾಳೆ ತೆಗೆಸಿ ನೋಡಿ: ಸುಮಾರು ಏಳೂವರೆ ಸೆಂಟಿಮೀಟರ್‌ಗೊಮ್ಮೆ ಅದೇ ಚುಕ್ಕೆ ಬಂದರೆ ಡ್ರಮ್ಮು ಗೀಚಿದೆ ಅಂತ ಅರ್ಥ, ಕಾರ್ಟ್ರಿಜ್ ಬದಲಿಸಿದರೆ ಸರಿಹೋಗುತ್ತದೆ. ಅಕ್ಷರದ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿ. ಕಪ್ಪು ಬೆರಳಿಗೆ ಹತ್ತಿದರೆ ಫ್ಯೂಸರ್ ಸರಿಯಾಗಿ ಕಾಯುತ್ತಿಲ್ಲ, ಅಥವಾ ಬೇರೆ ಮಾಡೆಲ್‌ನ ಪುಡಿ ತುಂಬಿದ್ದಾರೆ, ಇಲ್ಲವೇ ಹಾಳೆ ತಂಪು ಹಿಡಿದಿದೆ. ಹೊಸ ಹಾಳೆ ಹಾಕಿಸಿ ಇನ್ನೊಮ್ಮೆ ನೋಡಿ; ಆಗಲೂ ಹತ್ತಿದರೆ ಆ ಪ್ರಿಂಟರ್ ಬೇಡ.

ವೈಫೈ ಇರುವ ಪ್ರಿಂಟರ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರುತ್ತವೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ಪ್ರಿಂಟರ್‌ಗೆ ಅದು ಕಾಣಿಸುವುದೇ ಇಲ್ಲ. ಸ್ಕ್ಯಾನರ್ ಬೇಕೇ? ಬರೀ ಅಪ್‌ಲೋಡ್ ಮಾಡುವುದಕ್ಕಾದರೆ ಮೊಬೈಲ್ ಸಾಕು. ಆಧಾರ್, ರೇಷನ್ ಕಾರ್ಡಿನ ಎರಡೂ ಬದಿ ಒಂದೇ ಹಾಳೆಗೆ ಆಗಾಗ ಬೇಕಾಗುವ ಮನೆಯಾದರೆ ಐಡಿ ಕಾಪಿ ಬಟನ್ ಇರುವ ಆಲ್-ಇನ್-ಒನ್‌ಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಕರೆಂಟಿನ ವಿಷಯ ಅಂಗಡಿಯವರು ಹೇಳುವುದು ಕಡಿಮೆ. ಫ್ಯೂಸರ್ ಕಾಯುವಾಗ ಲೇಸರ್ ಪ್ರಿಂಟರ್ ನೂರಾರು ವ್ಯಾಟ್ ಎಳೆಯುತ್ತದೆ, ಕೆಲವು ಸಾವಿರದ ಹತ್ತಿರ ಹೋಗುತ್ತವೆ. ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಸಿಕ್ಕಿಸಿದರೆ ಅದು ಕೀಂಯ್ ಅಂತ ಕಂಪ್ಯೂಟರನ್ನೂ ಸೇರಿಸಿ ಆಫ್ ಆಗುತ್ತದೆ. ಗೋಡೆಯ ಪ್ಲಗ್ಗಿಗೇ ನೇರ ಕೊಡಿ, ಇನ್ವರ್ಟರ್ ಲೈನಿಗೂ ಬೇಡ. ಹಾಳೆ ಅರ್ಧ ಹೋದಾಗ ಕರೆಂಟು ಹೋದರೆ ಪ್ಲಗ್ ತೆಗೆದು, ಹತ್ತು ನಿಮಿಷ ಆರಲು ಬಿಟ್ಟು, ಮುಚ್ಚಳ ತೆರೆದು ಕಾರ್ಟ್ರಿಜ್ ಹೊರತೆಗೆಯಿರಿ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಜಗ್ಗಿದರೆ ಹರಿದ ಚೂರು ಒಳಗೇ ಉಳಿಯುತ್ತದೆ. ಕಾರ್ಟ್ರಿಜ್ಜನ್ನು ಬೆಳಕಿಗೆ ಇಡಬೇಡಿ, ಬಟ್ಟೆ ಹೊದಿಸಿ. ಡ್ರಮ್ಮಿಗೆ ಬೆಳಕು ಆಗದು. ಪುಡಿ ಚೆಲ್ಲಿದರೆ ತಣ್ಣೀರಿನ ಬಟ್ಟೆಯಲ್ಲಿ ಒರೆಸಿ. ಬಿಸಿನೀರು ತಾಗಿದರೆ ಕಲೆ ಅಂಟಿಕೊಳ್ಳಬಹುದು.

ಹಾಳೆ 75 ಜಿಎಸ್‌ಎಂ ಸಾಕು. ಮಳೆಗಾಲದಲ್ಲಿ ಟ್ರೇನಲ್ಲೇ ಬಿಟ್ಟ ಹಾಳೆ ತಂಪು ಹಿಡಿದು ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತು ಹಾಳೆ ಹಾಕಿ, ಉಳಿದ 480 ಹಾಳೆಯ ಬಂಡಲನ್ನು ಅದರ ಕವರಿನಲ್ಲೇ ಸುತ್ತಿ ಬೀರುವಿನಲ್ಲಿಡಿ. ಪ್ರಿಂಟರಿಗೂ ಒಂದು ಬಟ್ಟೆ ಹೊದಿಸಿ. ಧೂಳಷ್ಟೇ ಅಲ್ಲ, ಹಲ್ಲಿ, ಜಿರಳೆಗೂ ಪ್ರಿಂಟರಿನ ಒಳಭಾಗ ಒಳ್ಳೆಯ ಜಾಗ.

ಮನೆಯಲ್ಲಿ ಈಗಾಗಲೇ ಇಂಕ್‌ಜೆಟ್ ಇದ್ದರೆ ಎಸೆಯಬೇಕಾಗಿಲ್ಲ. ವಾರಕ್ಕೊಮ್ಮೆ ಎಲ್ಲ ಬಣ್ಣವೂ ಇರುವ ಒಂದು ಹಾಳೆ ತೆಗೆಯಿರಿ. ಯಾವಾಗಲೂ ಪ್ರಿಂಟರಿನ ಬಟನ್‌ನಿಂದಲೇ ಆಫ್ ಮಾಡಿ. ಗೋಡೆಯ ಸ್ವಿಚ್ ಆರಿಸಿದರೆ ಹೆಡ್ಡು ಮುಚ್ಚಳದ ಮೇಲೆ ಕೂರದೇ ತೆರೆದುಕೊಂಡೇ ಉಳಿಯಬಹುದು. ನಾಝಲ್ ಚೆಕ್ (ಇಂಕಿನ ತೂತುಗಳ ಪರೀಕ್ಷೆ) ಹಾಳೆಯಲ್ಲಿ ಗೆರೆ ಕಡಿದು ಕಡಿದು ಬಂದರೆ ಎರಡು ಸಲ ಕ್ಲೀನಿಂಗ್ ಕೊಡಿ. ಆಗಲೂ ಆಗದಿದ್ದರೆ ಮೂರನೆಯದಕ್ಕೆ ಹೋಗದೆ ಒಂದು ರಾತ್ರಿ ಬಿಟ್ಟು ನೋಡಿ.

ಕಾರ್ಟ್ರಿಜ್‌ನಲ್ಲೇ ಹೆಡ್ಡು ಇರುವ ಬಗೆಯದಾದರೆ, ಅಂದರೆ ಬದಿಯಲ್ಲಿ ತಾಮ್ರದ ಬಣ್ಣದ ಚುಕ್ಕೆಗಳಿದ್ದರೆ, ಇನ್ನೊಂದು ದಾರಿ ಇದೆ. ಟಿಶ್ಯೂ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಉಗುರು ಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ ತಟ್ಟೆಯಲ್ಲಿಡಿ. ಕಾರ್ಟ್ರಿಜ್‌ನ ಕೆಳಗಿನ ಲೋಹದ ಪಟ್ಟಿಯನ್ನು ಅದರ ಮೇಲೆ ಎರಡು ನಿಮಿಷ ಊರಿ, ಎತ್ತಿ ಒಣ ಟಿಶ್ಯೂಗೆ ಒತ್ತಿ. ಕಪ್ಪಿನದ್ದು ಒಂದು ತುಂಬು ಗೆರೆ, ಕಲರಿನದ್ದು ಮೂರು ಬಣ್ಣದ ಮೂರು ಗೆರೆ ಮೂಡಬೇಕು. ಮೂರರಲ್ಲಿ ಹಳದಿ ಮೂಡಲಿಲ್ಲ ಅಂದರೆ ಹಳದಿಯ ತೂತೇ ಕಟ್ಟಿದೆ, ಇನ್ನೆರಡು ಸಲ ಹಾಗೇ ಮಾಡಿ. ತಾಮ್ರದ ಚುಕ್ಕೆಗಳನ್ನು ಕೈಯಲ್ಲಿ ಮುಟ್ಟಬೇಡಿ. ಉಜ್ಜಲೂಬೇಡಿ, ಒತ್ತಿ ತೆಗೆದರೆ ಸಾಕು.

ತಿಂಗಳಿಗೆ ನಾಲ್ಕೈದು ಹಾಳೆಯೂ ಬೇಡದ ಮನೆಯಾದರೆ ಪ್ರಿಂಟರನ್ನೇ ಕೊಳ್ಳಬೇಡಿ. ಅಂಗಡಿಯಲ್ಲಿ ಹಾಳೆಗೆ ಐದು ರೂಪಾಯಿ ಅಂತಿಟ್ಟುಕೊಂಡರೂ ಅರವತ್ತು ಹಾಳೆಗೆ ವರ್ಷಕ್ಕೆ ಮುನ್ನೂರು. ಅಂಗಡಿಗೆ ಒಯ್ಯುವಾಗ ಫೈಲನ್ನು ಪಿಡಿಎಫ್ ಮಾಡಿಕೊಂಡೇ ಹೋಗಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕೇಳಿದ ಕಡೆ ಒಪ್ಪುವುದಾದರೆ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ ಹೊರಡುವ ಮುಂಚೆ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಿಂದಲೂ ಅದನ್ನು ಅಳಿಸಿಸಿ.