ಕಾಲವಲ್ಲದ ಟೊಮೆಟೊ

ನಾನು ಅಡುಗೆ ಕಲಿತೆ ಎಂದುಕೊಂಡದ್ದು ಮೂವತ್ತಾರನೆಯ ವಯಸ್ಸಿನ ಒಂದು ಬೇಸಿಗೆಯಲ್ಲಿ. ಕಲಿತಿಲ್ಲವೆಂಬುದು ತಿಳಿದದ್ದು ಅದೇ ವರ್ಷದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ, ಆರು ಮಂದಿ ಊಟಕ್ಕೆ ಬರುವುದಕ್ಕೆ ಇನ್ನೆರಡು ಗಂಟೆಯಷ್ಟೇ ಉಳಿದಿದ್ದಾಗ.

ಅದಕ್ಕೆ ಮೊದಲು ಅಡುಗೆಮನೆಯೆಂದರೆ ನನಗೆ ನೀರು ಕುಡಿಯುವ ಜಾಗವಾಗಿತ್ತು. ಮಧ್ಯಾಹ್ನ ಕಚೇರಿಯ ಕ್ಯಾಂಟೀನು, ರಾತ್ರಿ ಪಾರ್ಸೆಲ್ಲು. ವರ್ಷದ ಹನ್ನೆರಡು ತಿಂಗಳೂ ತಟ್ಟೆಗೆ ಬೀಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ, ತರಕಾರಿಗೂ ಒಂದು ಕಾಲವಿರುತ್ತದೆ ಎಂಬ ಯೋಚನೆ ಬರುವುದಕ್ಕೆ ಆಸ್ಪದವೇ ಇರಲಿಲ್ಲ. ಒಂದು ದಿನ ಬೇಸರ ಹತ್ತಿ, ಇನ್ನು ಮನೆಯಲ್ಲೇ ಬೇಯಿಸಿಕೊಳ್ಳುವುದೆಂದು ತೀರ್ಮಾನಿಸಿ, ಎಲ್ಲಕ್ಕಿಂತ ಸುಲಭವೆಂದು ಕಂಡ ಟೊಮೆಟೊ ಸೂಪಿನಿಂದ ಪ್ರಾರಂಭಿಸಿದೆ. ಆಗ ಟೊಮೆಟೊ ಸುಗ್ಗಿ. ಚೀಲದ ತಳದಲ್ಲಿದ್ದ ಹಣ್ಣುಗಳು ಮನೆ ತಲಪುವಷ್ಟರಲ್ಲಿ ಮೇಲಿನವುಗಳ ಭಾರಕ್ಕೆ ಬಿರಿದು ರಸ ಸುರಿಸುವಷ್ಟು ಮಾಗಿರುತ್ತಿದ್ದವು. ಮೊದಲ ಸಲವೇ ಸೂಪು ಅದ್ಭುತವಾಗಿ ಬಂದಿತು. ಕೂಡಲೇ ಒಂದು ನೋಟ್‌ಬುಕ್ಕು ತೆಗೆದು, 1 ಕಿಲೊ ಟೊಮೆಟೊ, 2 ಈರುಳ್ಳಿ, 4 ಎಸಳು ಬೆಳ್ಳುಳ್ಳಿ, 2 ಲೋಟ ನೀರು, ಒಂದೂವರೆ ಚಮಚ ಉಪ್ಪು, 25 ನಿಮಿಷ ಎಂದು ಬರೆದಿಟ್ಟೆ. ಆ ಬೇಸಿಗೆಯಲ್ಲಿ ಅದನ್ನು ಎಂಟೊಂಬತ್ತು ಸಲವಾದರೂ ಮಾಡಿರಬೇಕು. ಒಂದು ಸಲವೂ ಕೈಕೊಡಲಿಲ್ಲ. ನನ್ನ ಕೈಗುಣವೇ ಹಾಗೆ ಎಂದು ನಾನು ಮನಸಾರೆ ನಂಬಿದೆ.

ಈ ನಂಬಿಕೆಯ ಬಲದ ಮೇಲೆಯೇ ಚಳಿಗಾಲದಲ್ಲಿ ಚಿಕ್ಕಮ್ಮ, ಚಿಕ್ಕಪ್ಪ, ಅವರ ಮಗಳು ಮತ್ತು ಮೂವರು ಗೆಳೆಯರನ್ನು ಊಟಕ್ಕೆ ಕರೆದದ್ದು. ಹಿಂದಿನ ಸಂಜೆ ತಂದಿದ್ದ ಟೊಮೆಟೊಗಳು ನೋಡುವುದಕ್ಕೆ ಬೇಸಿಗೆಯವಕ್ಕಿಂತ ಚೆನ್ನಾಗಿದ್ದವು. ಎಲ್ಲವೂ ಒಂದೇ ಗಾತ್ರ, ಒಂದೇ ಕೆಂಪು, ಅಚ್ಚಿನಲ್ಲಿ ಹೊಯ್ದಂತೆ. ಅವುಗಳನ್ನು ಫ್ರಿಜ್ಜಿನಿಂದ ತೆಗೆದು ಹೆಚ್ಚಲು ತೊಡಗಿದಾಗ ಚಾಕುವಿನಿಂದ ಬಂದ ಸದ್ದು ನನಗೆ ಪರಿಚಯದ್ದಾಗಿರಲಿಲ್ಲ. ಬೇಸಿಗೆಯ ಹಣ್ಣು ಚಾಕು ತಾಗಿದ ಕೂಡಲೇ ಸದ್ದಿಲ್ಲದೆ ಶರಣಾಗುತ್ತಿತ್ತು. ಇದು ಸೇಬಿನಂತೆ ಕರಕ್ ಎಂದಿತು. ಒಳಗೆ ತೊಟ್ಟಿನಿಂದ ನಡುವಿನವರೆಗೆ ಬಿಳಿಯ ಗಟ್ಟಿ ದಿಂಡು, ಬೀಜದ ಸುತ್ತ ಹಸಿರುಮಿಶ್ರಿತ ಲೋಳೆ, ಹಲಗೆಯ ಮೇಲೆ ಒಂದು ಹನಿ ರಸವೂ ಇಲ್ಲ. ಇಷ್ಟನ್ನೆಲ್ಲ ನಾನು ಕಂಡೆ. ಕಂಡೂ ನಿಲ್ಲಿಸಲಿಲ್ಲ, ಏಕೆಂದರೆ ನೋಟ್‌ಬುಕ್ಕಿನಲ್ಲಿ 1 ಕಿಲೊ ಎಂದಿತ್ತು, ತಕ್ಕಡಿಯಲ್ಲಿಯೂ 1 ಕಿಲೊ ಇತ್ತು.

25 ನಿಮಿಷವಾದ ಮೇಲೆ ಮುಚ್ಚಳ ತೆಗೆದರೆ ಪಾತ್ರೆಯಲ್ಲಿದ್ದದ್ದು ತೆಳು ಗುಲಾಬಿ ಬಣ್ಣದ ನೀರು, ಅದರ ಮೇಲೆ ತೇಲುವ ತುಂಡುಗಳು. ರುಚಿ ನೋಡಿದೆ. ಮೊದಲು ಹುಳಿ ತಾಗಿತು, ಆಮೇಲೆ ಉಪ್ಪು, ಅದರ ಹಿಂದೆ ಏನೂ ಇಲ್ಲ. ಹೊಸ ಅಡುಗೆಗಾರ ಮಾಡುವ ಎಲ್ಲ ತಪ್ಪುಗಳನ್ನೂ ನಾನು ಮುಂದಿನ ಹತ್ತು ನಿಮಿಷಗಳಲ್ಲಿ ಸಾಲಾಗಿ ಮಾಡಿದೆ. ಹುಳಿಗೆಂದು ಒಂದು ಚಮಚ ಸಕ್ಕರೆ, ಸಕ್ಕರೆ ಮೇಲೆದ್ದು ಕಂಡಾಗ ಅದನ್ನು ಮುಚ್ಚಲು ಉಪ್ಪು, ಉಪ್ಪು ಹೆಚ್ಚಾಯಿತೆನಿಸಿದಾಗ ಇನ್ನರ್ಧ ಲೋಟ ನೀರು, ಕೊನೆಗೆ ಇದೆಲ್ಲವನ್ನೂ ಮರೆಸಲೆಂದು ಧಾರಾಳವಾಗಿ ಮೆಣಸಿನ ಪುಡಿ.

ಚಿಕ್ಕಮ್ಮ ಕೈಗೆ ನೆರವಾಗೋಣವೆಂದು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದದ್ದು ನನ್ನ ಪುಣ್ಯ. ಅವರು ಪಾತ್ರೆಯನ್ನು ನೋಡಿದರು, ಸೌಟನ್ನು ಮುಟ್ಟಲಿಲ್ಲ. ಬುಟ್ಟಿಯಲ್ಲಿ ಉಳಿದಿದ್ದ ಟೊಮೆಟೊಗಳಲ್ಲಿ ಒಂದನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ತೊಟ್ಟಿನ ಭಾಗವನ್ನು ಮೂಗಿಗೆ ಹಿಡಿದರು.

“ಇದನ್ನು ಮೂಸಿ ನೋಡಿದೆಯೇನೋ?” ಎಂದು ಕೇಳಿದರು.

“ಇಲ್ಲ ಚಿಕ್ಕಮ್ಮ. ಕೆಂಪಗಿತ್ತು, ತಂದೆ.”

“ಕೆಂಪಗಿದೆ, ನಿಜ. ಆದರೆ ಹಣ್ಣಾಗಿಲ್ಲವಲ್ಲ. ಇದು ಇದರ ಕಾಲವಲ್ಲ ಕಣೋ.”

ಕೆಂಪಾಗುವುದು ಬೇರೆ, ಹಣ್ಣಾಗುವುದು ಬೇರೆ ಎಂಬ ಈ ಮಾತಿನ ಹಿಂದಿನ ವಿವರವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಪಾಲು ನೀರು. ಅಂದರೆ ನಾನು ತೂಗಿದ 1 ಕಿಲೊದಲ್ಲಿ ಸಕ್ಕರೆ, ಹುಳಿ, ನಾರು, ರುಚಿ ಎಲ್ಲವೂ ಸೇರಿ ಇದ್ದದ್ದು 60 ಗ್ರಾಂ ಆಸುಪಾಸು. ಆ ಸಕ್ಕರೆಯನ್ನು ಒದಗಿಸುವುದು ಮುಖ್ಯವಾಗಿ ಗಿಡದ ಎಲೆಗಳು. ದೂರ ಸಾಗಿಸಬೇಕಾದ ಟೊಮೆಟೊವನ್ನು ಬಹುಮಟ್ಟಿಗೆ ಹಸಿರಾಗಿರುವಾಗಲೇ ಕೊಯ್ದು, ಆಮೇಲೆ ಎಥಿಲೀನ್ ಅನಿಲದಿಂದ ಕೆಂಪಾಗಿಸುತ್ತಾರೆ. ಬಣ್ಣವೇನೋ ಬರುತ್ತದೆ, ಆದರೆ ಗಿಡದಿಂದ ಬಿಡಿಸಿಕೊಂಡ ಹಣ್ಣಿಗೆ ಎಲೆ ಕಳುಹಿಸುತ್ತಿದ್ದ ಸಕ್ಕರೆ ಇನ್ನು ಬರುವುದಿಲ್ಲ. ಹುಳಿಯ ಹಿಂದೆ ಏನೂ ಇಲ್ಲವೆಂದು ನನಗೆ ಅನ್ನಿಸಿದ್ದಕ್ಕೂ ಕಾರಣವಿತ್ತು. ಟೊಮೆಟೊ ಮಾಗಿದಂತೆ ಅದರಲ್ಲಿ ಗ್ಲುಟಮೇಟ್ ಹೆಚ್ಚುತ್ತದೆ; 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಗುರುತಿಸಿ ಉಮಾಮಿ ಎಂದು ಹೆಸರಿಟ್ಟ ರುಚಿ ಇದರಿಂದಲೇ ಬರುವಂಥದ್ದು. ಇಷ್ಟು ಸಾಲದೆಂಬಂತೆ ನಾನು ಅವುಗಳನ್ನು ಫ್ರಿಜ್ಜಿನಲ್ಲಿ ಬೇರೆ ಇಟ್ಟಿದ್ದೆ. ಸುಮಾರು 12 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಟೊಮೆಟೊ ತನ್ನ ಪರಿಮಳವನ್ನು ತಯಾರಿಸುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಅಂದು ಬೆಳಿಗ್ಗೆ ಇದಾವುದೂ ಗೊತ್ತಿರಲಿಲ್ಲ. ಪಾತ್ರೆಯನ್ನು ಸಿಂಕಿಗೆ ಸುರಿದು, ಎಲ್ಲರಿಗೂ ಹೊರಗಿನಿಂದ ತರಿಸುವುದೇ ಒಳ್ಳೆಯದೆಂದು ನಾನು ಹೇಳಿದಾಗ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಅಗಲ ಬಾಣಲೆಯೊಂದನ್ನು ದೊಡ್ಡ ಉರಿಯ ಮೇಲಿಟ್ಟು, ಎಣ್ಣೆ ಹಾಕಿ, ತೂತಿನ ಸೌಟಿನಿಂದ ಟೊಮೆಟೊ ತುಂಡುಗಳನ್ನಷ್ಟೇ ಎತ್ತಿ ಅದಕ್ಕೆ ಹಾಕಿದರು. “ಸೌಟಾಡಿಸಬೇಡ. ಸದ್ದು ಕೇಳಿಸಿಕೋ” ಎಂದರು. ಮೊದಲ ಐದಾರು ನಿಮಿಷ ಕೇಳಿಸಿದ್ದು ಗುಳುಗುಳು ಎಂಬ ಒದ್ದೆ ಸದ್ದು. ಮೆಲ್ಲಗೆ ಅದು ತೆಳುವಾಗುತ್ತ ಬಂದು, ಚರಚರ ಎಂಬ ಒಣ ಸದ್ದಾಗಿ ತಿರುಗಿತು. ಅಷ್ಟರಲ್ಲಿ ತುಂಡುಗಳ ಅಂಚು ಕಂದು ಬಣ್ಣಕ್ಕೆ ತಿರುಗಿ, ಅಡುಗೆಮನೆಯಲ್ಲಿ ಆ ದಿನ ಮೊದಲ ಬಾರಿಗೆ ಟೊಮೆಟೊ ವಾಸನೆ ಹಬ್ಬಿತು. ನೀರಿರುವವರೆಗೂ ಬಾಣಲೆಯಲ್ಲಿರುವ ಪದಾರ್ಥ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣವೂ ಅದರ ಜೊತೆಗಿನ ರುಚಿಯೂ ಬೇಗ ಹುಟ್ಟಬೇಕಾದರೆ 140 ಡಿಗ್ರಿಯಷ್ಟು ಶಾಖ ಬೇಕು. ಸದ್ದು ಬದಲಾದ ಗಳಿಗೆಯೆಂದರೆ ನೀರು ಮುಗಿದ ಗಳಿಗೆ. ಈ ವಿಷಯ ಚಿಕ್ಕಮ್ಮನ ಕಿವಿಗೆ ಗೊತ್ತಿತ್ತು, ನನ್ನ ನೋಟ್‌ಬುಕ್ಕಿಗೆ ಗೊತ್ತಿರಲಿಲ್ಲ.

ಮುಕ್ಕಾಲು ಪಾತ್ರೆಯಷ್ಟಿದ್ದ ಟೊಮೆಟೊ ಬತ್ತಿ ಒಂದು ಬಟ್ಟಲಾಯಿತು. ಏಳು ಜನರ ಸೂಪಿಗೆ ಅದೆಲ್ಲಿ ಸಾಲಬೇಕು? “ಮನೆಯಲ್ಲಿ ಮತ್ತೇನಿದೆ ಹೇಳು” ಎಂದು ಚಿಕ್ಕಮ್ಮ ಕೇಳಿದರು. ನಾಲ್ಕೈದು ಕ್ಯಾರೆಟ್ಟು ಮತ್ತು ಅರ್ಧ ಎಲೆಕೋಸು ಇದ್ದವು. ಅವಲ್ಲದೆ ಕಪಾಟಿನ ಮೂಲೆಯಲ್ಲಿ ಐದು ವಾರಗಳಿಂದ ಒಂದು ಸಿಹಿಗುಂಬಳ ಕುಳಿತಿತ್ತು. ಆಸೆಪಟ್ಟು ತಂದಿದ್ದೆ; ಅದರ ಸಿಪ್ಪೆಯ ಗಟ್ಟಿತನಕ್ಕೆ ಹೆದರಿ ಚಾಕು ಹಾಕಿರಲಿಲ್ಲ. ಹಳೆಯದಾಯಿತೇನೋ ಎಂದು ನಾನು ಸಂಕೋಚದಿಂದ ತೋರಿಸಿದರೆ ಅವರ ಮುಖ ಅರಳಿತು. ಗುಂಬಳವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ತೊಟ್ಟು ಒಣಗಿ ಬೆಂಡಾಗಿರುವುದನ್ನು ನೋಡಿ, ಈಗ ಇದು ಸರಿಯಾಗಿದೆ ಎಂದರು. ಕೊಯ್ದ ಹೊಸದರಲ್ಲಿ ಸಿಹಿಗುಂಬಳದಲ್ಲಿ ಹಿಟ್ಟಿನ ಅಂಶ ಹೆಚ್ಚು. ಇಟ್ಟಂತೆ ವಾರ ವಾರಕ್ಕೂ ಅದು ಸಕ್ಕರೆಯಾಗುತ್ತ ಹೋಗುತ್ತದೆ. ತಾಜಾ ಎಂಬ ಪದವನ್ನು ನಾವು ಎಲ್ಲ ತರಕಾರಿಗೂ ಒಂದೇ ಅರ್ಥದಲ್ಲಿ ಅಂಟಿಸುತ್ತೇವೆ, ಆದರೆ ಕಾಲವನ್ನು ದಾಟಿಸಿಕೊಂಡೇ ರುಚಿಯಾಗುವ ತರಕಾರಿಯೂ ಉಂಟೆಂಬುದು ನನಗೆ ಆ ಬೆಳಿಗ್ಗೆಯ ಎರಡನೆಯ ಪಾಠವಾಯಿತು.

ಗುಂಬಳ ಹೆಚ್ಚುವುದನ್ನು ಅವರು ನನ್ನ ಕೈಯಲ್ಲೇ ಮಾಡಿಸಿದರು. ಮೊದಲು ಬುಡದಿಂದ ತೆಳ್ಳನೆಯ ಬಿಲ್ಲೆಯೊಂದನ್ನು ಕತ್ತರಿಸಿ ತೆಗೆದು, ಉರುಳದಂತೆ ಹಲಗೆಯ ಮೇಲೆ ಕೂರಿಸಬೇಕು. ಆಮೇಲೆ ಚಾಕುವಿನ ತುದಿಯನ್ನು ತೊಟ್ಟಿನ ಪಕ್ಕದಲ್ಲಿ ನಾಟಿ, ಒತ್ತುವುದಕ್ಕಿಂತ ಹೆಚ್ಚಾಗಿ ಹಿಡಿಯನ್ನು ಮೇಲೆ ಕೆಳಗೆ ತೂಗಾಡಿಸುತ್ತ ಕೆಳಗಿಳಿಸಬೇಕು. ಅರ್ಧ ದಾಟಿದ ಮೇಲೆ ಅದು ತಾನಾಗಿಯೇ ಟಪ್ಪೆಂದು ಬಿಚ್ಚಿಕೊಂಡಿತು. ಒಳಗಿನ ಕಿತ್ತಳೆ ಬಣ್ಣ ಕಂಡಾಗ, ಇಷ್ಟು ದಿನ ಇದನ್ನು ಕಪಾಟಿನಲ್ಲಿಟ್ಟುಕೊಂಡು ಅಂಗಡಿಯಿಂದ ಬಿಳಿಯ ದಿಂಡಿನ ಟೊಮೆಟೊ ಹೊತ್ತು ತಂದೆನಲ್ಲ ಎಂದು ನಾಚಿಕೆಯಾಯಿತು.

ಗುಂಬಳ, ಕ್ಯಾರೆಟ್ಟು, ಈರುಳ್ಳಿ ಬೇಯುತ್ತಿದ್ದಂತೆ ಹಸಿ ಕ್ಯಾರೆಟ್ಟಿನ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡೆ. ಸಕ್ಕರೆ ಸವರಿದಂತಿತ್ತು. ಚಳಿ ಬಿದ್ದಾಗ ಕ್ಯಾರೆಟ್ಟು, ಎಲೆಕೋಸಿನಂಥ ಗಿಡಗಳು ತಮ್ಮ ಜೀವಕೋಶಗಳಲ್ಲಿ ಸಕ್ಕರೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಸಕ್ಕರೆ ಕರಗಿದ ನೀರು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ತಮ್ಮ ಜೀವ ಉಳಿಸಿಕೊಳ್ಳಲು ಅವು ಮಾಡಿಕೊಂಡ ಏರ್ಪಾಡು ನಮ್ಮ ನಾಲಿಗೆಗೆ ರುಚಿಯಾಗಿದೆ. ಎಲೆಕೋಸನ್ನು ಅರ್ಧ ಗಂಟೆ ಬೇಯಿಸುವುದು ನನ್ನ ಯೋಜನೆಯಾಗಿತ್ತು; ಚಿಕ್ಕಮ್ಮ ಅದನ್ನು ಕೂದಲೆಳೆಯಂತೆ ಹೆಚ್ಚಿಸಿ, ಮುಚ್ಚಳವಿಲ್ಲದೆ ನಾಲ್ಕೇ ನಿಮಿಷ ಬಾಡಿಸಿ ಇಳಿಸಿದರು. ಹೆಚ್ಚು ಬೇಯಿಸಿದಷ್ಟೂ ಅದರ ಗಂಧಕದ ಘಾಟು ಮೇಲೇಳುತ್ತದೆ, ಮುಚ್ಚಿಟ್ಟರೆ ಬಣ್ಣವೂ ಮಾಸುತ್ತದೆ. ಕೊನೆಯಲ್ಲಿ ಗುಂಬಳದ ಸೂಪಿಗೆ ಬತ್ತಿದ ಟೊಮೆಟೊವನ್ನು ಕಲಸಿದಾಗ, ಬೆಳಿಗ್ಗೆ ನನ್ನನ್ನು ಸೋಲಿಸಿದ್ದ ಅದೇ ಹುಳಿ ಗುಂಬಳದ ಸಿಹಿಗೆ ಬೇಕಾದ ಅಂಕುಶವಾಯಿತು. ಬಂದವರು ಎರಡೆರಡು ಬಟ್ಟಲು ಕುಡಿದರು. ಗೆಳೆಯನೊಬ್ಬ ಇದರ ಅಳತೆ ಹೇಳು ಎಂದಾಗ ನಾನು ಚಿಕ್ಕಮ್ಮನ ಕಡೆ ನೋಡಿದೆ, ಚಿಕ್ಕಮ್ಮ ಗೋಡೆಯ ಕಡೆ ನೋಡಿದರು.

ಬೇಸಿಗೆಯಲ್ಲಿ ಅಡುಗೆ ಮಾಡಿದ್ದು ನಾನಲ್ಲ, ಬಿಸಿಲು ಎಂದು ಆ ರಾತ್ರಿ ಪಾತ್ರೆ ತೊಳೆಯುವಾಗ ಅನ್ನಿಸಿತು. ಮಾಗಿದ ಹಣ್ಣಿಗೆ ಉಪ್ಪು ಮತ್ತು ಉರಿ ಕೊಟ್ಟರೆ ಸಾಕು, ಕೆಡಿಸುವುದೇ ಕಷ್ಟ. ಸುಗ್ಗಿಯಲ್ಲೇ ಕಲಿಯಲು ತೊಡಗಿದವನಿಗೆ ಒಂದು ನಷ್ಟವಿದೆ; ಯಾವುದು ತನ್ನ ಕೈಯಿಂದ ಆದದ್ದು, ಯಾವುದು ಹಣ್ಣಿನೊಳಗೇ ಇದ್ದದ್ದು ಎಂಬುದು ಅವನಿಗೆ ಬಹುಕಾಲ ಗೊತ್ತಾಗುವುದಿಲ್ಲ. ನನ್ನ ನೋಟ್‌ಬುಕ್ಕಿನ ಅಳತೆಗಳೆಲ್ಲ ಒಂದು ತಿಂಗಳ ಅಳತೆಗಳಾಗಿದ್ದವು, ಆ ತಿಂಗಳ ಹೆಸರೊಂದನ್ನು ಮಾತ್ರ ನಾನು ಬರೆದಿರಲಿಲ್ಲ.

ಹೊಸದಾಗಿ ಜ್ಞಾನ ಬಂದವರಿಗೆ ಅಂಟುವ ರೋಗ ನನಗೂ ಸ್ವಲ್ಪ ಕಾಲ ಅಂಟಿತ್ತು. ಕಾಲವಲ್ಲದ್ದನ್ನು ತಿನ್ನುವುದೇ ಇಲ್ಲವೆಂದು ಪಣ ತೊಟ್ಟು, ಊಟಕ್ಕೆ ಕರೆದವರ ಮನೆಯಲ್ಲಿಯೂ ತಟ್ಟೆಯ ಮೇಲೆ ಉಪನ್ಯಾಸ ಮಾಡುವಷ್ಟು ಅಸಹನೀಯನಾಗಿದ್ದೆ. ಚಿಕ್ಕಮ್ಮ ಫ್ರೀಜರಿನಿಂದ ಬಟಾಣಿ ತೆಗೆದ ದಿನ ಅವರಿಗೂ ಹೇಳಲು ಹೋದೆ. ಅವರು ನಕ್ಕು, ಮೂರು ದಿನ ಬುಟ್ಟಿಯಲ್ಲಿ ಬಿದ್ದಿದ್ದ ಹಸಿ ಬಟಾಣಿಯನ್ನೂ ಫ್ರೀಜರಿನದನ್ನೂ ಬೇರೆ ಬೇರೆ ಬೇಯಿಸಿ ನನ್ನ ಮುಂದಿಟ್ಟರು. ಹಸಿಯದು ಹಿಟ್ಟು ಹಿಟ್ಟಾಗಿತ್ತು, ಫ್ರೀಜರಿನದೇ ಸಿಹಿಯಾಗಿತ್ತು. ಕೊಯ್ದ ಗಂಟೆಗಳಲ್ಲೇ ಬಟಾಣಿಯ ಸಕ್ಕರೆ ಕರಗಿ ಹಿಟ್ಟಾಗತೊಡಗುತ್ತದೆ. ಅಷ್ಟರೊಳಗೆ ಹೆಪ್ಪುಗಟ್ಟಿಸಿದ ಕಾಳು ತನ್ನ ಕಾಲವನ್ನು ಹಾಗೆಯೇ ಹಿಡಿದಿಟ್ಟುಕೊಂಡಿರುತ್ತದೆ. ಡಬ್ಬಿಯ ಟೊಮೆಟೊದ ಮೇಲಿದ್ದ ನನ್ನ ತಿರಸ್ಕಾರವೂ ಹೀಗೆಯೇ ಇಳಿಯಿತು. ಮಾಗಿದ ಹಣ್ಣನ್ನು ಮುಚ್ಚಿ ಕಾಯಿಸಿಡುವ ಆ ವಿಧಾನವನ್ನು ಫ್ರಾನ್ಸಿನ ನಿಕೋಲಾ ಅಪ್ಪೇರ್ 1810ರಲ್ಲಿಯೇ ಪುಸ್ತಕ ಮಾಡಿ ಪ್ರಕಟಿಸಿದ್ದ. ಅದು ಏಕೆ ಕೆಡುವುದಿಲ್ಲವೆಂಬುದನ್ನು ಪಾಶ್ಚರ್ ವಿವರಿಸುವುದಕ್ಕೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಕಾರಣ ಗೊತ್ತಿಲ್ಲದೆಯೇ ಸರಿಯಾಗಿ ಮಾಡಿದವರ ಪೈಕಿ ಚಿಕ್ಕಮ್ಮ ಒಬ್ಬರೇ ಅಲ್ಲವೆಂದು ನನಗೆ ಸಮಾಧಾನವಾಯಿತು.

ಆ ಭಾನುವಾರ ಬುಟ್ಟಿಯಲ್ಲಿ ಐದು ಟೊಮೆಟೊಗಳು ಉಳಿದಿದ್ದವು. ಹೊರಡುವ ಮೊದಲು ಚಿಕ್ಕಮ್ಮ ಅವುಗಳನ್ನು ಕಿಟಕಿಯ ಕಟ್ಟೆಯ ಮೇಲೆ ತೊಟ್ಟು ಕೆಳಗಾಗಿ, ಒಂದಕ್ಕೊಂದು ತಾಗದಂತೆ ಸಾಲಾಗಿಟ್ಟು, ದಿನಾ ಬೆಳಿಗ್ಗೆ ಒಂದು ಸಲ ಮೂಸಿ ನೋಡು ಎಂದು ಹೇಳಿ ಹೋದರು. ಕಚೇರಿಗೆ ಹೊರಡುವ ಮುನ್ನ ನಾನು ಹಾಗೆಯೇ ಮಾಡಿದೆ. ಮೂರು ದಿನ ಏನೂ ಇರಲಿಲ್ಲ. ಆರನೆಯ ದಿನ ಎರಡರಲ್ಲಿ ತೊಟ್ಟಿನ ಹತ್ತಿರ ಬಹಳ ಸಣ್ಣದಾಗಿ ಎಲೆಯ ಘಮಲು ಬಂದಿತು, ಒಂದಕ್ಕೆ ಕಪ್ಪು ಚುಕ್ಕೆ ಬಿದ್ದಿತ್ತು, ಉಳಿದೆರಡು ತಂದ ದಿನ ಇದ್ದಂತೆಯೇ ಕೆಂಪಗೆ, ಗಟ್ಟಿಯಾಗಿ ಕುಳಿತಿದ್ದವು. ಘಮಲು ಬಂದ ಎರಡನ್ನು ಆ ರಾತ್ರಿ ಹೆಚ್ಚಿ, ಉಪ್ಪು ಉದುರಿಸಿಕೊಂಡು ಹಸಿಯಾಗಿಯೇ ತಿಂದೆ.