ರಾಣಿಯ ಬಿಳಿ ಮಸ್ಲಿನ್ ಗೌನು

ಹದಿನೆಂಟನೇ ಶತಮಾನದ ಫ್ರೆಂಚ್ ಗೌನು ಯಾವ ಶೈಲಿಯದು ಎಂದು ಹೇಳಬೇಕಾದರೆ ಮೊದಲು ಬೆನ್ನು ನೋಡಬೇಕು. ಕತ್ತಿನ ಹಿಂದಿನಿಂದ ಅಗಲ ಮಡಿಕೆಗಳು ಸಡಿಲವಾಗಿ ನೆಲದವರೆಗೆ ಇಳಿದಿದ್ದರೆ ಅದು ‘ರೋಬ್ ಆ ಲಾ ಫ್ರಾನ್ಸೇಸ್’. ಆ ಮಡಿಕೆಗಳನ್ನು ಸೊಂಟದವರೆಗೆ ಒತ್ತಿ ಹೊಲಿದು ಬೆನ್ನಿಗೆ ಕೂರಿಸಿದ್ದರೆ ‘ರೋಬ್ ಆ ಲಾಂಗ್ಲೇಸ್’. ಹಿಂದುಗಡೆಯ ಲಂಗವನ್ನು ದಾರ ಹಾಕಿ ಮೇಲಕ್ಕೆಳೆದು ಉಬ್ಬಿಸಿದ್ದರೆ ‘ಪೊಲೊನೇಸ್’. ಆದರೆ ರಾಣಿಯರು ಚಿತ್ರಕಾರರಿಗೆ ಬೆನ್ನು ತೋರಿಸಿ ನಿಲ್ಲುವುದಿಲ್ಲವಲ್ಲ! ಹಾಗಾಗಿ ತೋಳು, ಕೊರಳು, ಸೊಂಟದ ಗೆರೆ, ಬಟ್ಟೆಯ ಮೇಲೆ ಬೆಳಕು ಬೀಳುವ ರೀತಿ, ಇಷ್ಟನ್ನೇ ನೋಡಿ ತೀರ್ಮಾನಕ್ಕೆ ಬರಬೇಕು. ನಾಟಕಗಳಿಗೆ ಉಡುಪು ಹೊಲಿಯುವ ನನಗೆ ಇಂಥ ಲೆಕ್ಕಾಚಾರದಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ವರ್ಜೀನಿಯಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಅವಳ ಜೊತೆ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಹೋದೆ. ನಾನು ನೋಡಬೇಕೆಂದುಕೊಂಡಿದ್ದು ಒಂದೇ ಚಿತ್ರ. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಬಿಳಿ ಮಸ್ಲಿನ್ ಗೌನು ತೊಟ್ಟು, ಹುಲ್ಲಿನ ಟೋಪಿಯಿಟ್ಟು, ಕೈಯಲ್ಲಿ ಗುಲಾಬಿ ಹಿಡಿದಿರುವ ಭಾವಚಿತ್ರ. ಮೂಲವನ್ನು ಬರೆದವರು ಎಲಿಸಬೆತ್ ವಿಜೆ ಲೆಬ್ರುನ್, 1783ರಲ್ಲಿ. ವಾಷಿಂಗ್ಟನ್ನಿನಲ್ಲಿರುವುದು ಅದನ್ನು ನೋಡಿ ಬರೆದ ಪ್ರತಿ. ಒಂದು ಮೀಟರ್ ಎತ್ತರವೂ ಇಲ್ಲ. ಹತ್ತಿರ ನಿಂತರೆ ಕೊರಳಿನ ಫ್ರಿಲ್ಲನ್ನು ಎಳೆಎಳೆಯಾಗಿ ನೋಡಬಹುದು.

ತಂಗಿ ಸ್ವಲ್ಪ ಹೊತ್ತು ನೋಡಿ, "ಅಕ್ಕಾ, ಇದೇನೇ, ಮಹಾರಾಣಿ ನೈಟಿ ಹಾಕ್ಕೊಂಡು ನಿಂತ ಹಾಗಿದೆಯಲ್ಲ?" ಅಂದಳು.

ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಅವಳ ಕೈ ಹಿಡಿದುಕೊಂಡೆ. 1783ರಲ್ಲಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಈ ಚಿತ್ರವನ್ನು ಪ್ರದರ್ಶನಕ್ಕಿಟ್ಟಾಗ ನೋಡಿದವರು ಆಡಿಕೊಂಡದ್ದೂ ಅದನ್ನೇ: ರಾಣಿ ಒಳಬಟ್ಟೆಯಲ್ಲಿ ಚಿತ್ರ ಬರೆಸಿಕೊಂಡಿದ್ದಾಳೆ! ಗಲಾಟೆ ಜೋರಾಗಿ ಚಿತ್ರವನ್ನು ಪ್ರದರ್ಶನದಿಂದ ತೆಗೆಯಬೇಕಾಯಿತು. ವಿಜೆ ಲೆಬ್ರುನ್ ಅದೇ ಭಂಗಿ, ಅದೇ ಗುಲಾಬಿ ಇಟ್ಟುಕೊಂಡು, ಬೂದುನೀಲಿ ರೇಷ್ಮೆಯ ಗೌನು, ಲೇಸು, ಮುತ್ತಿನ ಹಾರ ಹಾಕಿಸಿ ಬೇರೊಂದು ಚಿತ್ರ ಬರೆದುಕೊಟ್ಟರು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

"ಹಾಗಾದ್ರೆ ಇದು ಒಳಬಟ್ಟೆನೇನಾ?" ತಂಗಿ ಕೇಳಿದಳು.

ಖಂಡಿತ ಅಲ್ಲ. ಹೊಲಿಯುವವರ ಕಣ್ಣಿನಿಂದ ನೋಡಿದರೆ ಇದು ಬಹಳ ಯೋಚಿಸಿ ಮಾಡಿದ ಉಡುಪು. ಆ ಕಾಲದ ಗೌನಿನ ಮೈಭಾಗವನ್ನು ತುಂಡುತುಂಡಾಗಿ ಕತ್ತರಿಸಿ, ಮೈಗೆ ಬಿಗಿಯಾಗಿ ಕೂರಿಸಿ ಹೊಲಿಯುತ್ತಿದ್ದರು. ಇಲ್ಲಿ ಬಟ್ಟೆಯನ್ನು ಅಗಲವಾಗಿಯೇ ಬಿಟ್ಟು, ಪಟ್ಟಿಯೊಳಗೆ ಲಾಡಿ ತೂರಿಸಿ, ಕೊರಳಿನ ಹತ್ತಿರ ಸುರುಕಿ ಆಕಾರ ತಂದಿದ್ದಾರೆ. ಸೊಂಟಕ್ಕೆ ಹೊಂಬಣ್ಣದ ತೆಳು ದಟ್ಟಿ ಸುತ್ತಿದೆ. ತೋಳನ್ನೂ ಸುರುಕಿ ಉಬ್ಬಿಸಿದ್ದಾರೆ. ಒಳಗಡೆ ಮೈಯನ್ನು ನೆಟ್ಟಗೆ ಹಿಡಿಯುವ ಬಿಗಿಯಂಗಿ ಇದೆ ಎನ್ನುವುದು ರಾಣಿ ನಿಂತಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಬರೀ ಒಳಬಟ್ಟೆಯಾಗಿದ್ದರೆ ಎದೆಯ ಮೇಲೆ ಬಟ್ಟೆ ಅಷ್ಟು ನಯವಾಗಿ ಕೂರುತ್ತಿರಲಿಲ್ಲ. ಫ್ರಾನ್ಸೇಸ್, ಆಂಗ್ಲೇಸ್ ಯಾವ ಲೆಕ್ಕಕ್ಕೂ ಬಾರದ ಈ ಬಗೆಗೆ ಆಮೇಲೆ ರಾಣಿಯ ಹೆಸರೇ ಅಂಟಿಕೊಂಡು ‘ಶೆಮೀಸ್ ಆ ಲಾ ರೇನ್’, ಅಂದರೆ ‘ರಾಣಿ ಶೈಲಿಯ ಒಳಂಗಿ’ ಆಯಿತು. ರಾಣಿ ಇಂಥದ್ದನ್ನು ಇಂಗ್ಲೆಂಡಿನ ಡೆವನ್‌ಶೈರ್ ಡಚೆಸ್ ಜಾರ್ಜಿಯಾನಾಗೆ ಉಡುಗೊರೆಯಾಗಿ ಕಳಿಸಿದಳು. 1784ರಲ್ಲಿ ಅವರು ಅದನ್ನು ತೊಟ್ಟರು. ಬೈಸಿಕೊಂಡ ಗೌನು ಕೆಲವೇ ವರ್ಷಗಳಲ್ಲಿ ಎಲ್ಲರ ಗೌನಾಯಿತು.

ಹೊಲಿಗೆಗಿಂತ ಜನರನ್ನು ಕೆರಳಿಸಿದ್ದು ಬಟ್ಟೆ ಎಂದು ನನ್ನ ನಂಬಿಕೆ. 1778ರಲ್ಲಿ ಇದೇ ಕಲಾವಿದೆ ಬರೆದ, ಈಗ ವಿಯೆನ್ನಾದಲ್ಲಿರುವ ಚಿತ್ರದಲ್ಲೂ ರಾಣಿಯ ಉಡುಪು ಬಿಳಿಯದೇ. ಆದರೆ ಅದು ಸ್ಯಾಟಿನ್. ಲಂಗದೊಳಗೆ ಕಟ್ಟಿಕೊಂಡ, ಎರಡೂ ಮಗ್ಗುಲಿಗೆ ಚಾಚಿದ ಪಂಜರದ ಮೇಲೆ ಹರಡಿದ, ನೆಲಕ್ಕೆ ಎಳೆಯುವ ಸೆರಗಿನ ದರ್ಬಾರಿ ಪೋಷಾಕು. ಅದನ್ನು ತೊಟ್ಟವಳು ರಾಣಿಯೆಂದು ಮಗುವೂ ಹೇಳುತ್ತದೆ. ರೇಷ್ಮೆ ಎಂದರೆ ಲಿಯಾನ್ ಊರಿನ ನೇಕಾರರ ಅನ್ನ. ಮಸ್ಲಿನ್ ಹೊರಗಿನ ಮಾಲು, ಅದರಲ್ಲಿ ಹೆಸರಾದದ್ದು ನಮ್ಮ ಬಂಗಾಳದ್ದು. ಭಾರತದ ಅಚ್ಚಿನ ಹತ್ತಿಬಟ್ಟೆಯನ್ನು 1686ರಿಂದ 1759ರವರೆಗೆ ಫ್ರಾನ್ಸ್ ನಿಷೇಧಿಸಿಯೇ ಇಟ್ಟಿತ್ತು. ಅಂಥ ದೇಶದ ರಾಣಿ ರೇಷ್ಮೆ ಬಿಟ್ಟು ಹತ್ತಿ ಉಟ್ಟರೆ ನೇಕಾರರ ಹೊಟ್ಟೆ ಉರಿಯದೇ ಇರುತ್ತದೆಯೇ? ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗ್ಗದವರ ಕಷ್ಟ ನೋಡಿದವರಿಗೆಲ್ಲ ಅರ್ಥವಾಗುತ್ತದೆ.

ಮನೆಗೆ ಬಂದ ಮೇಲೆ ತಂಗಿಗೆ ಇನ್ನೊಂದು ಚಿತ್ರ ತೋರಿಸಿದೆ. 1788ರಲ್ಲಿ ನಮ್ಮ ಟಿಪ್ಪು ಸುಲ್ತಾನ್ ಈ ರಾಣಿಯ ಗಂಡ, ಫ್ರಾನ್ಸಿನ ರಾಜ ಹದಿನಾರನೇ ಲೂಯಿಯ ಬಳಿಗೆ ಮೂವರು ರಾಯಭಾರಿಗಳನ್ನು ಕಳಿಸಿದ. ಆಗಸ್ಟ್ 10ರಂದು ವರ್ಸೈಲ್ಸ್ ಅರಮನೆಯಲ್ಲಿ ಅವರಿಗೆ ದರ್ಬಾರಾಯಿತು. ಅವರಲ್ಲಿ ಮುಹಮ್ಮದ್ ದರ್ವೇಶ್ ಖಾನ್ ಅವರ ಆಳೆತ್ತರಕ್ಕೂ ಮಿಗಿಲಾದ ಭಾವಚಿತ್ರವನ್ನು ಬರೆದದ್ದು ಇದೇ ವಿಜೆ ಲೆಬ್ರುನ್. ಹೂವಿನ ಬಿಳಿ ಮಸ್ಲಿನ್ ಜಾಮಾ, ಸೊಂಟಕ್ಕೆ ದಟ್ಟಿ, ಕತ್ತಿಯ ಹಿಡಿಯ ಮೇಲೆ ಕೈ. ತಂಗಿ ಫೋನಿನಲ್ಲಿ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಇದೂ ತೆಳು ಬಟ್ಟೆ, ಇದಕ್ಕೂ ಸೊಂಟಕ್ಕೆ ದಟ್ಟಿ. ಇವರನ್ನು ಯಾರೂ ಆಡಿಕೊಳ್ಳಲಿಲ್ವಾ?"

ಇಲ್ಲ. ಬದಲಿಗೆ ಪ್ಯಾರಿಸ್ ಜನ ಮುಗಿಬಿದ್ದು ಆ ರಾಯಭಾರಿಗಳನ್ನು ನೋಡಿದರು. 1789ರಲ್ಲಿ ಲೂವ್ರ್‌ನ ಅದೇ ಸರಣಿಯ ಪ್ರದರ್ಶನದಲ್ಲಿ ಈ ಚಿತ್ರವೂ ತೂಗಿತು. ಶ್ರೀರಂಗಪಟ್ಟಣದ ರಾಯಭಾರಿಯ ಮೈಮೇಲೆ ಮಸ್ಲಿನ್ ಗಾಂಭೀರ್ಯವಾಗಿತ್ತು, ಅವರದೇ ರಾಣಿಯ ಮೈಮೇಲೆ ಅವಮಾನವಾಗಿತ್ತು. ಆ ಬಟ್ಟೆ ನೇಯ್ದ ಊರಿನಲ್ಲಿ ಅದನ್ನು ಉಡುವುದು ದೊಡ್ಡವರ ಅಂತಸ್ತು ಎನ್ನುವುದು, ರಾಣಿಯನ್ನು ಬೈದವರಿಗೆ ಗೊತ್ತಿದ್ದರೂ ಅವರು ಒಪ್ಪುತ್ತಿರಲಿಲ್ಲವೇನೋ.

ತಂಗಿ ತನಗೂ ಅಂಥದ್ದೊಂದು ಗೌನು ಬೇಕೆಂದು ಹಟ ಹಿಡಿದಿದ್ದಾಳೆ. ಮಲ್‌ಮಲ್ ಬಟ್ಟೆಯಲ್ಲಿ ಹೊಲಿಯುತ್ತೇನೆ, ಕೊರಳಿಗೆ ಲಾಡಿಯನ್ನೇ ಇಡುತ್ತೇನೆ, ಜಿಪ್ಪು ಮಾತ್ರ ಹಾಕುವುದಿಲ್ಲ ಎಂದಿದ್ದೇನೆ. ತೋಳಿನ ಅಳತೆ ಕಳಿಸು ಎಂದರೆ ಇನ್ನೂ ಕಳಿಸಿಲ್ಲ.